ಮಾಗಿಯ ಚಳಿಗೆ ನಮ್ಮ ಮನೆಯ ಸಿದ್ಧತೆ

ಬಳ್ಳಾರಿ ಸೀಮೆಯೆಂದರೆ ಬಿಸಿಲಿನ ಸೀಮೆಯೆಂಬ ಮಾತು ನಾಡಿನಲ್ಲೆಲ್ಲ ಹಬ್ಬಿಬಿಟ್ಟಿದೆ. ನಮ್ಮೂರಿನಲ್ಲಿಯೂ ಚಳಿಗೆ ಹಲ್ಲು ಕಟಕಟಿಸುವುದುಂಟು ಎಂದು ನಾನು ಕಾಲೇಜಿಗೆ ಸೇರಿದ ಹೊಸದರಲ್ಲಿ ಹೇಳಿದಾಗ, ಮಲೆನಾಡಿನ ಕಡೆಯಿಂದ ಬಂದಿದ್ದ ಸಹಪಾಠಿಯೊಬ್ಬ ಬಿದ್ದು ಬಿದ್ದು ನಕ್ಕ. ಅವನನ್ನು ತಪ್ಪೆನ್ನಲಾರೆ. ನಮ್ಮೂರು ಚೋರನೂರು, ಸಂಡೂರು ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. 2021ರಲ್ಲಿ ಹೊಸಪೇಟೆ ಕೂಡ್ಲಿಗಿಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದವು, ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ಮಾಗಿಯ ಚಳಿ ಮಾತ್ರ ಎರಡು ಕಡೆಯೂ ಒಂದೇ. ಬಯಲು ಸೀಮೆಯಲ್ಲಿ ರಾತ್ರಿಯ ಉಷ್ಣಮಾನ 10 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದರೆ ಹವಾಮಾನ ಇಲಾಖೆಯವರು ಶೀತಗಾಳಿಯ ಮಾತೆತ್ತುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಅದು ಅಷ್ಟು ಇಳಿಯುವುದಿಲ್ಲವಾದ್ದರಿಂದ ನಮ್ಮ ಚಳಿ ಪತ್ರಿಕೆಗಳಲ್ಲಿ ಬರುವುದಿಲ್ಲ. ಆದರೆ ಕಲ್ಲುಹಾಸಿನ ನೆಲದ ಮೇಲೆ ಒಂದು ಚಾಪೆ ಹಾಸಿ, ತೆಳು ಹೊದಿಕೆಯೊಂದನ್ನು ಹೊದ್ದು ಮಲಗುವವರಿಗೆ 15 ಡಿಗ್ರಿಯೂ ಚಳಿಯೇ. ಮನೆಯಲ್ಲಿ 70 ದಾಟಿದ ಅಜ್ಜಿಯೂ ಹಸುಗೂಸೂ ಇದ್ದರಂತೂ ಹೇಳಬೇಕಾದ್ದಿಲ್ಲ.

ನಮ್ಮ ಮನೆಯ ಸ್ಥಿತಿ ಕಳೆದ ವರ್ಷ ಹೀಗೆಯೇ ಇತ್ತು. ಅಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ದಿನ ತುಂಬುವುದು ಮಾರ್ಗಶಿರದಲ್ಲಿ. ಬಾಣಂತಿಯನ್ನೂ ಕೂಸನ್ನೂ ಚಳಿಯಲ್ಲಿ ಕಾಯಬೇಕು. ದೀಪಾವಳಿ ಮುಗಿದ ಮೇಲೆ ಅಪ್ಪ 1,000 ರೂಪಾಯಿ ಎಣಿಸಿ ನನ್ನ ಕೈಗಿಟ್ಟು, “ಈ ಸಲ ಮೆಕ್ಕೆಜೋಳ ಕೈ ಕೊಟ್ಟೈತೆ. ಇದರ ಮ್ಯಾಲೆ ನನ್ನ ಕೇಳಬ್ಯಾಡ್ರಿ” ಎಂದರು. ಕಾಲೇಜು ಓದುವವನೆಂಬ ಕಾರಣಕ್ಕೆ ಯೋಜನೆಯ ಭಾರ ನನ್ನ ಮೇಲೆ ಬಿತ್ತು. ಆಗ ತಿಳಿದುಕೊಂಡದ್ದನ್ನು, ಮಾಡಿದ ಒಂದು ದೊಡ್ಡ ತಪ್ಪನ್ನೂ ಸೇರಿಸಿ, ಇಲ್ಲಿ ಬರೆಯುತ್ತೇನೆ.

ಮೊದಲು ನಮ್ಮ ಚಳಿ ಎಲ್ಲಿಂದ ಬರುತ್ತದೆಂಬುದನ್ನು ನೋಡೋಣ. ಅದು ಹಿಮಾಲಯದಿಂದ ಹಾರಿ ಬರುವುದೆಂದು ಅನೇಕರು ತಿಳಿದಿದ್ದಾರೆ. ಬಡಗಣ ಗಾಳಿಯ ಪಾಲು ಇಲ್ಲವೆಂದಲ್ಲ. ಆದರೆ ಮುಖ್ಯ ಕಾರಣ ತಲೆಯ ಮೇಲೆಯೇ ಇದೆ. ಹಗಲೆಲ್ಲ ಬಿಸಿಲು ಕುಡಿದ ನೆಲ ರಾತ್ರಿ ಆ ಶಾಖವನ್ನು ಆಕಾಶದ ಕಡೆಗೆ ಬಿಟ್ಟುಕೊಡುತ್ತದೆ. ಮೋಡವಿದ್ದರೆ ಅದು ಹೊದಿಕೆಯಂತೆ ನಿಂತು ಒಂದಿಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ನಮ್ಮ ಮಾಗಿಯಲ್ಲಿ ಮೋಡವೂ ಇಲ್ಲ, ಗಾಳಿಯಲ್ಲಿ ತೇವವೂ ಇಲ್ಲ; ಶಾಖ ತಡೆಯಿಲ್ಲದೆ ಹೊರಟುಹೋಗುತ್ತದೆ. ಗುಡ್ಡಗಳ ಮೇಲೆ ತಣ್ಣಗಾದ ಗಾಳಿ ಭಾರವಾಗಿ ತಗ್ಗಿಗೆ ಇಳಿಯುವುದರಿಂದ ಹಳ್ಳದ ಬದಿಯ ಮನೆಗಳಿಗೆ ಚಳಿ ಒಂದು ತೂಕ ಹೆಚ್ಚು. ಹಗಲು 30 ಡಿಗ್ರಿಯ ಹತ್ತಿರ, ಬೆಳಗಿನ ಜಾವ 15ರ ಹತ್ತಿರ: ಇದು ನಮ್ಮ ಡಿಸೆಂಬರ್. ಇದರಿಂದ ನನಗೆ ಹೊಳೆದದ್ದಿಷ್ಟು: ಶಾಖವನ್ನು ನಾವು ಕೊಳ್ಳಬೇಕಾಗಿಲ್ಲ, ಹಗಲು ಅದು ಪುಕ್ಕಟೆ ಬರುತ್ತದೆ, ಬೆಳಗಿನವರೆಗೆ ಅದು ಮನೆಬಿಟ್ಟು ಹೋಗದಂತೆ ಹಿಡಿದಿಡುವುದೇ ಕೆಲಸ.

ಹಾಗಾದರೆ ಯಾವ ಕೋಣೆ? ನಮ್ಮ ಮನೆಗೆ ಎರಡು ಭಾಗ. ಮುಂದಿನದು ಅಪ್ಪ ಕಟ್ಟಿಸಿದ ತಗಡಿನ ಕೋಣೆ. ಬಣ್ಣ ಬಳಿದಿದೆ, ಫ್ಯಾನಿದೆ. ಹಿಂದಿನದು ಮುತ್ತಜ್ಜನ ಕಾಲದ ಮಾಳಿಗೆ ಮನೆ; ಮೊಳಕ್ಕಿಂತ ದಪ್ಪನಾದ ಮಣ್ಣಿನ ಗೋಡೆ, ಮೇಲೆ ತೊಲೆ, ಜಂತೆ, ಅದರ ಮೇಲೆ ಚೌಳು ಮಣ್ಣು. ಬಾಣಂತಿಯನ್ನು ಹೊಸ ಕೋಣೆಯಲ್ಲಿ ಮಲಗಿಸುವುದೆಂದು ಅವ್ವ ಮೊದಲೇ ನಿಶ್ಚಯಿಸಿದ್ದಳು. ಆದರೆ ತಗಡು ತೆಳುವಾದ ವಸ್ತು. ಹೊತ್ತು ಮುಳುಗಿದ ಗಳಿಗೆಯಲ್ಲೇ ತಣ್ಣಗಾಗಿ, ಒಳಗಿನ ಶಾಖವನ್ನೂ ಆಕಾಶಕ್ಕೆ ದಾಟಿಸಿಬಿಡುತ್ತದೆ. ಬೆಳಗಿನ ಜಾವ ನಮ್ಮ ಉಸಿರಿನ ಹಬೆಯೇ ಅದಕ್ಕೆ ತಗುಲಿ ಹನಿಯಾಗಿ ಹಾಸಿಗೆಯ ಮೇಲೆ ತೊಟ್ಟಿಕ್ಕುವುದನ್ನು ತಗಡಿನ ಮನೆಯವರೆಲ್ಲ ಕಂಡಿದ್ದಾರೆ. ಮಣ್ಣಿನ ಗೋಡೆಯಾದರೋ ಹಗಲಿನ ಕಾವನ್ನು ನಿಧಾನವಾಗಿ ಹೀರಿ, ರಾತ್ರಿ ನಿಧಾನವಾಗಿ ಬಿಡುತ್ತದೆ. ಎರಡು ಕೋಣೆಯಲ್ಲಿಯೂ ಬೆಳಗಿನ ಐದಕ್ಕೆ ಉಷ್ಣಮಾಪಕ ಹಿಡಿದು ನೋಡಿದೆ. ಮಾಳಿಗೆ ಮನೆ 4 ಡಿಗ್ರಿ ಬೆಚ್ಚಗಿತ್ತು. ಅವ್ವನಿಗೆ ಉಷ್ಣಮಾಪಕದ ಮೇಲೆ ಅಷ್ಟು ನಂಬಿಕೆಯಿಲ್ಲ. “ಬೀಗರು ಬಂದ್ರೆ, ಬಾಣಂತೀನ ಹಳೇ ಮನ್ಯಾಗೆ ಮಲಗಿಸ್ಯಾರೆ ಅಂತ ಆಡಿಕೊಳ್ಳೋದಿಲ್ಲೇನು?” ಎಂದಳು. ಕೊನೆಗೆ ಅಜ್ಜಿ, ತಾನು ಆರು ಮಕ್ಕಳನ್ನು ಹೆತ್ತದ್ದು ಅದೇ ಕೋಣೆಯಲ್ಲಿ ಎಂದಮೇಲೆ ಮಾತು ಮುಗಿಯಿತು. ಇಡೀ ಸಿದ್ಧತೆಯಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ, ಖರ್ಚು ಸೊನ್ನೆ.

ಇನ್ನು ಹಾಸಿಗೆ. ನಾವು ಚಳಿಯೆಂದ ಕೂಡಲೇ ಮೇಲೆ ಹೊದೆಯುವುದನ್ನು ಹುಡುಕುತ್ತೇವೆ, ಕೆಳಗೆ ಹಾಸುವುದನ್ನು ಮರೆಯುತ್ತೇವೆ. ಕಲ್ಲುಹಾಸು ಮೈಯ ಶಾಖವನ್ನು ಬಹು ಬೇಗ ಎಳೆದುಕೊಳ್ಳುತ್ತದೆ. ಮೇಲೆ ಎರಡು ರಗ್ಗು ಹೊದ್ದರೂ ಬೆನ್ನು ತಣ್ಣಗಿರುವುದು ಇದರಿಂದಲೇ. ಆರು ಗೋಣಿಚೀಲಗಳನ್ನು ಕೊಂಡು, ಒಗೆದು, ಬಿಸಿಲಿಗೆ ಒಣಗಿಸಿ, ಎರಡು ಮೂರು ಮಡಿಕೆ ಮಾಡಿ ಅಜ್ಜಿಯ ಚಾಪೆಯ ಕೆಳಗೂ ಅಕ್ಕನ ಹೊರಸಿನ ಮೇಲೂ ಹಾಸಿದೆವು. ಹೊರಸಿನ ಮೇಲೇಕೆಂದರೆ, ಹಗ್ಗದ ಸಂದಿಯಿಂದ ತಣ್ಣನೆಯ ಗಾಳಿ ಕೆಳಗಿನಿಂದ ಆಡುತ್ತದೆ.

ಹೊದೆಯುವುದಕ್ಕೆ ನಮ್ಮ ಸೀಮೆಯಲ್ಲಿ ಎರಡು ಹಳೆಯ ವಸ್ತುಗಳಿವೆ, ಕೌದಿ ಮತ್ತು ಕಂಬಳಿ. ಕೌದಿಯನ್ನು ಬಲ್ಲದವರಾರು? ಹಳೆಯ ಸೀರೆ, ಪಂಚೆ, ಹರಿದ ಅಂಗಿಗಳನ್ನು ಪದರ ಪದರವಾಗಿ ಹರಡಿ, ಅಂಚಿನಿಂದ ನಡುವಿಗೆ ಸಾಲು ಸಾಲಾಗಿ ದಾರ ಓಡಿಸಿದರೆ ಕೌದಿ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳನ್ನು ಈಗ ದೂರದ ಊರುಗಳ ಪ್ರದರ್ಶನಗಳಲ್ಲಿ ಗೋಡೆಗೆ ತೂಗುಹಾಕುತ್ತಾರೆ. ನಮ್ಮ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೇ ದೊರೆತಿದೆ. ಅಜ್ಜಿಯ ಕೌದಿಗೆ ಅಂಥ ಅಂದವೇನೂ ಇಲ್ಲ, ಆದರೆ ಅದರ ಗುಟ್ಟು ಒಂದೇ: ಬಟ್ಟೆ ಬೆಚ್ಚಗಿಡುವುದಿಲ್ಲ, ಬಟ್ಟೆಯ ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿ ಬೆಚ್ಚಗಿಡುತ್ತದೆ. ನಿಂತ ಗಾಳಿಯ ಮೂಲಕ ಶಾಖ ಬಲು ಮೆಲ್ಲಗೆ ಸಾಗುತ್ತದೆ. ಆದ್ದರಿಂದ ಹೊಲಿಗೆಯನ್ನು ತೀರ ಬಿಗಿದರೆ ಕೌದಿ ಹಲಗೆಯಂತಾಗಿ ಕಾವು ಕಡಿಮೆಯಾಗುತ್ತದೆ. ಸಡಿಲ ಬಿಟ್ಟರೆ ಪದರಗಳು ಒಂದೆಡೆ ಗುಡ್ಡೆಯಾಗುತ್ತವೆ. ಎರಡು ಬೆರಳಿನ ಅಂತರ ಸಾಕೆಂಬುದು ಅಜ್ಜಿಯ ಲೆಕ್ಕ. ನೀರು ಗಾಳಿಗಿಂತ ಸುಮಾರು 25 ಪಾಲು ಬೇಗ ಶಾಖವನ್ನು ಸಾಗಿಸುವುದರಿಂದ, ತೇವ ಹಿಡಿದ ಕೌದಿ ಹೊದ್ದರೂ ಒಂದೇ ಬಿಟ್ಟರೂ ಒಂದೇ. ದಿನಾ ಮಧ್ಯಾಹ್ನ ಅದನ್ನು ಮಾಳಿಗೆಯ ಮೇಲೆ ಒಣಹಾಕಿ, ಬಿಸಿಲು ಇಳಿಯುವ ಮೊದಲೇ ಮಡಿಸಿ ಒಳಗೆ ತರುವುದು ನನ್ನ ಕೆಲಸವಾಯಿತು.

ಕಂಬಳಿಯ ಮಾತು ಬೇರೆ. ಬಳ್ಳಾರಿ ಕುರಿಯೆಂದು ಒಂದು ತಳಿಗೇ ಹೆಸರಿದೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ಕುರುಬರು ಉಣ್ಣೆ ಕತ್ತರಿಸಿ, ಹಿಂಜಿ, ನೂತು, ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ನೇಯುತ್ತಾರೆ. ಉಣ್ಣೆಯ ಎಳೆ ಸುರುಳಿ ಸುರುಳಿಯಾದ್ದರಿಂದ ಗಾಳಿಯನ್ನು ಚೆನ್ನಾಗಿ ಹಿಡಿಯುತ್ತದೆ. ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸುವುದಿಲ್ಲ. ಕಿಡಿ ಬಿದ್ದರೆ ಉರಿಯದೆ ಕರಕಾಗಿ ನಿಲ್ಲುತ್ತದೆ. ಚುಚ್ಚುತ್ತದೆಂಬುದು ಒಂದೇ ದೋಷ. ಹೊಸದನ್ನು ಕೊಳ್ಳುವ ಶಕ್ತಿ ನಮ್ಮ ಸಾವಿರ ರೂಪಾಯಿಗೆ ಇರಲಿಲ್ಲ. ಅಜ್ಜನ ಹಳೆಯ ಕಂಬಳಿಯನ್ನು ಅಟ್ಟದಿಂದ ಇಳಿಸಿ, ನುಸಿ ತಿಂದಲ್ಲಿ ತೇಪೆ ಹಾಕಿ, ಕೌದಿಯ ಮೇಲೆ ಹೊದಿಸಿದೆವು. ಜೊತೆಗೆ ರಸ್ತೆ ಬದಿಯಲ್ಲಿ ಮಾರುವ ಪಾಣಿಪತ್ತಿನ ರಗ್ಗೊಂದನ್ನು ಕೊಂಡೆ. ಅದು ಹಗುರ, ಮೃದು, ಅಗ್ಗ. ಆದರೆ ಕೃತಕ ನೂಲಿನದಾದ್ದರಿಂದ ಬೆಂಕಿಯ ಬಳಿ ಕರಗಿ ಮೈಗೆ ಅಂಟುತ್ತದೆ. ಒಲೆಯ ಹತ್ತಿರ ಅದನ್ನು ತರಬಾರದು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಕೆಂಡಕ್ಕೆ ಬರವಿಲ್ಲ. 19ನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ಭಾರತಕ್ಕೆ ಬಂದು, ಎಲ್ಲಿಯದೋ ಗಿಡ ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತು ‘ಬಳ್ಳಾರಿ ಜಾಲಿ’ಯಾಗಿ ಕುಳಿತಿದೆ, ಅದರ ಇದ್ದಿಲು ಬಹಳ ಹೊತ್ತು ಕಾವು ಕೊಡುತ್ತದೆ. ಅಜ್ಜಿ ಹಳೆಯ ಬಾಣಲೆಯಲ್ಲಿ ಕೆಂಡ ತುಂಬಿ ಹೊರಸಿನ ಕೆಳಗೆ ಇಡುತ್ತಿದ್ದಳು. ಅವಳ ಕಾಲದಲ್ಲಿ ಕದದ ಸಂದಿ, ಮಾಳಿಗೆಯ ಬೆಳಕಿಂಡಿ ಎಲ್ಲ ತೆರೆದೇ ಇದ್ದವು. ನಾನಾದರೋ ಶಾಖವನ್ನು ಹಿಡಿದಿಡುವ ಉತ್ಸಾಹದಲ್ಲಿ ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿ, ಬೆಳಕಿಂಡಿಗೆ ಪ್ಲಾಸ್ಟಿಕ್ಕಿನ ಹಾಳೆ ಕಟ್ಟಿ, ಕದದ ಕೆಳಗೆ ಗೋಣಿಯ ಸುರುಳಿ ಇಟ್ಟಿದ್ದೆ. ಕೋಣೆ ನಿಜಕ್ಕೂ ಬೆಚ್ಚಗಾಯಿತು. ನಾನು ಹೆಮ್ಮೆಪಟ್ಟೆ.

ಎಳ್ಳಮಾವಾಸ್ಯೆಯ ಹಿಂದಿನ ರಾತ್ರಿ, ಮೂರರ ಸುಮಾರಿಗೆ, ಅಕ್ಕ ತಲೆ ಸಿಡಿಯುತ್ತಿದೆಯೆಂದು ನರಳಿದಳು. ಎದ್ದು ಕೂರಲು ಹೋಗಿ ವಾಂತಿ ಮಾಡಿಕೊಂಡಳು. ಕೂಸು ಮೊಲೆಗೆ ಬಾಯಿ ಹಾಕಲಿಲ್ಲ; ಎಬ್ಬಿಸಿದರೆ ಕಣ್ಣು ಬಿಡಲಿಲ್ಲ. ಅಜ್ಜಿ “ಥಂಡಿ ತಲೆಗೇರೈತೆ, ಇನ್ನೊಂದಿಷ್ಟು ಕೆಂಡ ಹಾಕು” ಎಂದಳು. ನಾನು ಹಾಕುತ್ತಿದ್ದೆ ಕೂಡ. ಕೆಂಡ ತರಲೆಂದು ಕದ ತೆರೆದು ಅಡಿಗೆ ಮನೆಗೆ ಹೋದೆ. ಒಲೆಯಲ್ಲಿ ಬೆಂಕಿ ಆರಿತ್ತು, ಹೊತ್ತಿಸಲು ತಡವಾಯಿತು. ಕದ ಹಾಗೇ ತೆರೆದಿತ್ತು. ಹಿಂದಿರುಗುವಷ್ಟರಲ್ಲಿ ಕೂಸು ಸಣ್ಣಗೆ ಅಳುತ್ತಿತ್ತು. ಬೆಳಿಗ್ಗೆ ಬಂದ ಆಶಾ ಕಾರ್ಯಕರ್ತೆ ಬಾಣಲೆಯನ್ನೂ ಬೆಳಕಿಂಡಿಯನ್ನೂ ನೋಡಿ, ಒಂದು ಮಾತೂ ಆಡದೆ ಆಟೋ ಕರೆಯಿಸಿದರು. ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟು ಸಂಜೆಯವರೆಗೆ ಇರಿಸಿಕೊಂಡರು.

ಇದ್ದಿಲು ಸಾಕಷ್ಟು ಗಾಳಿ ಸಿಗದೆ ಉರಿದಾಗ ಇಂಗಾಲದ ಮಾನಾಕ್ಸೈಡೆಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಾಲಿಗೂ ಮಿಗಿಲಾಗಿ ಇದನ್ನು ಅಪ್ಪಿಕೊಳ್ಳುವುದರಿಂದ, ಉಸಿರಾಡುತ್ತಿದ್ದರೂ ಮೈಗೆ ಉಸಿರು ಮುಟ್ಟುವುದಿಲ್ಲ. ತಲೆನೋವು, ತಲೆಸುತ್ತು, ವಾಂತಿ, ಮಂಪರು. ಮಂಪರಿನಲ್ಲಿಯೇ ಜೀವ ಹೋಗುವುದುಂಟು. ಕಟ್ಟಿಗೆ ಹೊಗೆಯಾಡಿದರೆ ಕಣ್ಣುರಿದು ನಾವೇ ಎದ್ದು ಕದ ತೆರೆಯುತ್ತೇವೆ. ನಿಗಿನಿಗಿ ಕೆಂಡದಲ್ಲಿ ಹೊಗೆಯಿಲ್ಲ, ಹೊಗೆಯಿಲ್ಲದ್ದರಿಂದ ಅಪಾಯವಿಲ್ಲವೆಂದು ನಂಬುತ್ತೇವೆ. ಕೋಣೆಯನ್ನು ಮುಚ್ಚುವುದೂ ಕೆಂಡ ಇಡುವುದೂ ಎರಡೂ ಒಟ್ಟಿಗೆ ಸಲ್ಲವು. ಕೆಂಡ ಬೇಕೇ ಬೇಕೆಂದರೆ ಹೊರಗೆ, ಪಡಸಾಲೆಯಲ್ಲಿ. ಮಲಗುವ ಕೋಣೆಯಲ್ಲಂತೂ ಕೂಡದು.

ಅಂದಿನಿಂದ ಬಾಣಲೆ ಅಂಗಳ ಸೇರಿತು. ಅದರ ಬದಲಿಗೆ ಕೂಸಿಗೆ ಏನು? ಆಸ್ಪತ್ರೆಯ ದಾದಿ ತೋರಿಸಿಕೊಟ್ಟದ್ದು ಹೀಗೆ: ಕೂಸಿಗೆ ಟೊಪ್ಪಿಗೆ, ಕಾಲುಚೀಲ ಹಾಕಿ, ತಾಯಿಯ ಬರಿಯ ಎದೆಗೆ ಆನಿಸಿ, ಇಬ್ಬರನ್ನೂ ಸೇರಿಸಿ ಹೊದಿಸುವುದು. 1978ರ ಸುಮಾರಿನಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ, ದಿನ ತುಂಬದ ಕೂಸುಗಳನ್ನಿಡುವ ಶಾಖಪೆಟ್ಟಿಗೆಗಳು ಸಾಲದೆ ಹೋದಾಗ ಎಡ್ಗರ್ ರೇ ಎಂಬ ವೈದ್ಯರು ಈ ಕ್ರಮವನ್ನು ಆರಂಭಿಸಿದರಂತೆ. ಇಂದು ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಹೇಳುತ್ತದೆ. ಅಕ್ಕನಿಗೆ ಬೇಸರವಾದಾಗ ಅವ್ವನ ಎದೆ, ಅವ್ವನಿಗೆ ಕೆಲಸವಿದ್ದಾಗ ಅಜ್ಜಿಯ ಎದೆ.

ಸ್ನಾನವನ್ನು ಬೆಳಗಿನಿಂದ ಮಧ್ಯಾಹ್ನ ಎರಡಕ್ಕೆ ಬದಲಿಸಿದೆವು. ಕೊಡಗಳನ್ನು ಮುಚ್ಚಿ ಬಿಸಿಲಿಗೆ ಇಟ್ಟರೆ ನೀರು ಅರ್ಧ ಕಾದಿರುತ್ತದೆ, ಹಂಡೆಯ ಕೆಳಗೆ ಎರಡು ಕಟ್ಟಿಗೆ ಸಾಕು. ಊಟದ ವಿಷಯದಲ್ಲಿ ನಾನು ಯಾರಿಗೂ ಏನೂ ಕಲಿಸಬೇಕಾಗಿರಲಿಲ್ಲ: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಹುರುಳಿ ಕಟ್ಟಿನ ಸಾರು. ಅಂಗಾಲು ಒಡೆದದ್ದಕ್ಕೆ ಮಲಗುವಾಗ ಕೊಬ್ಬರಿ ಎಣ್ಣೆ.

ಖರ್ಚಿನ ಲೆಕ್ಕವನ್ನು ಅಪ್ಪನಿಗೆ ಒಪ್ಪಿಸಿದ್ದು ಹೀಗೆ: ಗೋಣಿಚೀಲಕ್ಕೆ 120, ಕೌದಿಯ ದಾರಕ್ಕೆ 80, ರಗ್ಗಿಗೆ 350, ಟೊಪ್ಪಿಗೆ ಕಾಲುಚೀಲಕ್ಕೆ 120, ಎಣ್ಣೆಗೆ 130. ಉಳಿದ 200 ರೂಪಾಯಿ ಆ ಬೆಳಿಗ್ಗೆಯ ಆಟೋಕ್ಕೆ ಹೋಯಿತು. ಅಪ್ಪ ಲೆಕ್ಕದ ಚೀಟಿಯನ್ನು ಎರಡು ಸಲ ಓದಿ ಜೇಬಿಗೆ ಇಟ್ಟುಕೊಂಡರು, ಏನೂ ಹೇಳಲಿಲ್ಲ. ಸಂಜೆ ನೋಡಿದರೆ ಮಾಳಿಗೆಯ ಮೇಲೆ ಹತ್ತಿ, ನಾನು ಬೆಳಕಿಂಡಿಗೆ ಕಟ್ಟಿದ್ದ ಪ್ಲಾಸ್ಟಿಕ್ಕಿನ ಹಾಳೆಯನ್ನು ಕುಡುಗೋಲಿನಿಂದ ಕೊಯ್ಯುತ್ತಿದ್ದರು. ಅಕ್ಕ ಫಾಲ್ಗುಣದಲ್ಲಿ ಗಂಡನ ಮನೆಗೆ ಹೊರಟಾಗ ಕೌದಿಯನ್ನು ಕೇಳಿ ಒಯ್ದಳು. ಈ ಮಾಗಿಗೆ ಅಜ್ಜಿ ಇನ್ನೊಂದನ್ನು ಹಿಡಿದಿದ್ದಾಳೆ; ಸೂಜಿಗೆ ದಾರ ಪೋಣಿಸಿಕೊಡುವುದು ನನ್ನ ಪಾಲಿಗೆ ಬಂದಿದೆ.