ಗಡಿನಾಡಿನ ಹೆಂಗಸರ ದೂರು

ಗಂಡನ ಏಟು ತಿಂದ ಹೆಂಗಸಿಗೆ ಏನು ಬೇಕು? ಈ ಪ್ರಶ್ನೆಯನ್ನು ಹೊತ್ತು ನಾನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಹಳ್ಳಿಗಳಲ್ಲಿ ಕೆಲವು ದಿನ ತಿರುಗಿದೆ. ಕೈಯಲ್ಲಿ ಒಂದು ಅಂಕಿ ಇತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇಕಡಾ 44ರಷ್ಟು ಮಂದಿ ಗಂಡನಿಂದ ಹಿಂಸೆ ಕಂಡವರು. ಅವರಿಗೆ ಬೇಕಾದದ್ದೇನೆಂಬುದನ್ನು ಮಾತ್ರ ಆ ಅಂಕಿ ಹೇಳುವುದಿಲ್ಲ.

‘ಗಂಡ ಹೊಡೆಯುತ್ತಾನೆಯೇ?’ ಎಂದು ಕೇಳಿದರೆ ಬೀಡಿ ಸುತ್ತುವ ಕೈ ನಿಲ್ಲುವುದಿಲ್ಲ, ಬಾಯಿಯೂ ತೆರೆಯುವುದಿಲ್ಲ. ಪಡಸಾಲೆಯಲ್ಲಿ ಅತ್ತೆ ಕುಳಿತಿರುತ್ತಾಳೆ. ಅವಳು ಎದ್ದುಹೋದ ಮೇಲೆ ನಾನು ಪ್ರಶ್ನೆಯನ್ನೇ ಬದಲಿಸಿದೆ: ‘ಜಗಳವಾದ ರಾತ್ರಿ ಎಲ್ಲಿ ಮಲಗಿದಿರಿ?’ ಆಗ ಮಾತು ಬಂತು. ನೆರೆಮನೆಯ ಕಟ್ಟೆ, ಗುಡಿಯ ಹಿಂಭಾಗ, ಬಸ್ ನಿಲ್ದಾಣ.

ನಿಪ್ಪಾಣಿಯ ಕಡೆಯ ಒಬ್ಬಾಕೆ ಕಾಗಲದಿಂದ ಗಡಿ ದಾಟಿ ತವರಿಗೆ ಬಂದವಳು. ಏಟು ಬಿದ್ದದ್ದು ಮಹಾರಾಷ್ಟ್ರದಲ್ಲಿ, ದೂರನ್ನೂ ಅಲ್ಲಿಯೇ ಕೊಡು ಎಂದು ಊರ ಹಿರಿಯರು ಹೇಳಿದ್ದರಂತೆ. ಹಾಗೇನೂ ಇಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 27ನೆಯ ಕಲಮಿನಂತೆ, ನೊಂದವಳು ತಾತ್ಕಾಲಿಕವಾಗಿ ನೆಲೆಸಿದ ಊರಿನ ನ್ಯಾಯಾಲಯವೂ ಅರ್ಜಿಯನ್ನು ವಿಚಾರಿಸಬಹುದು. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಆಕೆಗೆ ಬೇಕಾಗಿದ್ದದ್ದು ಇಷ್ಟು ತಿಳಿವಳಿಕೆ, ಅದೂ ಅವಳ ಮರಾಠಿಯಲ್ಲಿ.

ಕಬ್ಬು ಕಡಿಯಲು ಮರಾಠವಾಡದಿಂದ ಬರುವವಳಿಗೆ ಇದೂ ಸಾಲದು. ಗಂಡ ಹೆಂಡತಿ ಸೇರಿ ಒಂದು ‘ಕೋಯತಾ’. ಮುಂಗಡವೂ ಜೋಡಿಗೆ ಒಂದೇ. ಅವಳು ಬಿಟ್ಟುಹೋದರೆ ಜೋಡಿ ಒಡೆಯುತ್ತದೆ, ಸಾಲ ಉಳಿಯುತ್ತದೆ, ಮುಕಾದಮ ಹುಡುಕಿಕೊಂಡು ಬರುತ್ತಾನೆ. ತನ್ನ ಕೂಲಿಯ ಲೆಕ್ಕ ತನ್ನ ಹೆಸರಿನಲ್ಲಿಲ್ಲದವಳು ಯಾವ ಧೈರ್ಯದ ಮೇಲೆ ಎದ್ದು ಹೊರಟಾಳು?

ರಾಯಬಾಗದ ಕಡೆ ನನ್ನ ಪ್ರಶ್ನೆಯೇ ತಪ್ಪಾಯಿತು. ದೇವದಾಸಿಯರನ್ನು ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿತಾದರೂ ಬಾಲ್ಯದಲ್ಲಿ ಮುತ್ತು ಕಟ್ಟಿಸಿಕೊಂಡವರು ಈಗಲೂ ಇದ್ದಾರೆ. ಅಂಥ ಒಬ್ಬ ತಾಯಿ ನನ್ನನ್ನೇ ಕೇಳಿದಳು: ‘ಮನಿ ನಂದು. ನಾ ಯಾಕ ಹೊರಗ ಮಲಗ್ಲಿ?’ ಹೊಡೆಯುವವನು ವರ್ಷಾನುಗಟ್ಟಲೆ ಬಂದುಹೋಗುತ್ತಿರುವವನು. ಅವನ ಹೆಂಡತಿ ಮಕ್ಕಳು ಬೇರೆ ಓಣಿಯಲ್ಲಿದ್ದಾರೆ. ಹೊಡೆತಕ್ಕೆ ಪೊಲೀಸರಲ್ಲಿ ದೂರು ಕೊಡಬಹುದು, ನಿಜ. ಆದರೆ 2005ರ ಕಾಯ್ದೆಯ ರಕ್ಷಣೆಯ ಆದೇಶ ಹೆಂಡತಿಗೆ ಅಥವಾ ‘ಮದುವೆಯಂಥ ಸಂಬಂಧ’ದಲ್ಲಿ ಕೂಡಿ ಬಾಳಿದವಳಿಗೆ. 2013ರಲ್ಲಿ, ಬೆಂಗಳೂರಿನಿಂದ ಹೋದ ಇಂದ್ರಾ ಶರ್ಮಾ ಮೊಕದ್ದಮೆಯಲ್ಲಿ, ಗಂಡಸು ವಿವಾಹಿತನೆಂದು ತಿಳಿದೇ ಕೂಡಿದವಳ ಸಂಬಂಧ ಅಂಥದಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಇಂಥವರ ಪಾಡನ್ನು ಸಂಸತ್ತು ಯೋಚಿಸಬೇಕೆಂದೂ ಹೇಳಿತು. ಮುತ್ತು ಕಟ್ಟುವಾಗ ಈ ತಾಯಿಯನ್ನು ಯಾರೂ ಏನನ್ನೂ ಕೇಳಿರಲಿಲ್ಲ.

ನಿನಗೇನು ಬೇಕವ್ವಾ ಎಂದೆ. ‘ಈ ಬಾಗಲಕ ಒಂದು ಗಟ್ಟಿ ಅಗಳಿ’ ಎಂದಳು. ಹಾಗೆಯೇ ಬರೆದುಕೊಂಡೆ.