ಲಿಂಕ್ ಕಳಿಸಿದರೆ ಸಾಕೆ? ಯಾರಾದರೂ ಒತ್ತಬೇಕಲ್ಲ!

‘ಮನೆಯಲ್ಲೇ ಕೂತು ಸಂಪಾದಿಸಿ’ ಎಂದರೆ ಯಾವ ಗೃಹಿಣಿಗೆ ತಾನೇ ಆಸೆಯಾಗೋದಿಲ್ಲ ಹೇಳಿ? ಮಕ್ಕಳು ಸ್ಕೂಲಿಗೆ, ಯಜಮಾನರು ಆಫೀಸಿಗೆ ಹೋದ ಮೇಲೆ ಸಿಗುವ ಎರಡು ಗಂಟೆಯಲ್ಲಿ ನಾಲ್ಕು ಕಾಸು ನೋಡೋಣ ಅಂತ ನಾನೂ ಅಫಿಲಿಯೇಟ್ ಮಾರ್ಕೆಟಿಂಗ್‌ಗೆ ಕೈ ಹಾಕಿದೆ. ವಿಷಯ ಸುಲಭ. ಆನ್‌ಲೈನ್ ಅಂಗಡಿಯಲ್ಲಿ ಹೆಸರು ನೋಂದಾಯಿಸಿಕೊಂಡರೆ ಅಲ್ಲಿನ ಸಾಮಾನುಗಳಿಗೆ ನಮ್ಮ ಗುರುತಿರುವ ಲಿಂಕ್ ಸಿಗುತ್ತದೆ. ಅದನ್ನು ಒತ್ತಿ ಯಾರಾದರೂ ಕೊಂಡರೆ ನಮಗಿಷ್ಟು ಕಮಿಷನ್. ಅಮೆಜಾನ್ ಇದನ್ನು 1996ರಲ್ಲೇ ಶುರು ಮಾಡಿತ್ತು.

ಮೊದಲ ತಿಂಗಳು ಕಂಡ ಕಂಡ ಆಫರ್‌ಗಳನ್ನೆಲ್ಲ ಲೇಡೀಸ್ ಗ್ರೂಪಿಗೆ ಹಾಕಿದ್ದೇ ಹಾಕಿದ್ದು. ಒಂದು ಮಿಕ್ಸಿಯನ್ನಂತೂ ನೋಡದೆಯೇ ‘ಸೂಪರ್’ ಅಂತ ಹೊಗಳಿಬಿಟ್ಟೆ. ಪಕ್ಕದ ಮನೆ ಆಂಟಿ ನಂಬಿ ಕೊಂಡರು. ವಾರದಲ್ಲೇ ಜಾರ್ ಸೋರತೊಡಗಿತು, ಚಟ್ನಿಯೂ ನುಣ್ಣಗಾಗಲಿಲ್ಲ. “ನೀನು ಹೇಳಿದ್ಯಲ್ಲಾ ಅಂತ ತಗೊಂಡೆ ಕಣಮ್ಮಾ” ಅಂದರು, ಅಷ್ಟೇ. ನನಗೆ ಬಂದ ಕಮಿಷನ್ ನೂರು ರೂಪಾಯಿ ಚಿಲ್ಲರೆ. ಆಮೇಲೆ ಆ ಗ್ರೂಪಿನಲ್ಲಿ ನನ್ನ ಲಿಂಕನ್ನು ಯಾರೂ ಮುಟ್ಟಲಿಲ್ಲ!

ಆಗ ಗೊತ್ತಾಯ್ತು, ಜನ ಒತ್ತೋದು ಲಿಂಕನ್ನಲ್ಲ, ಹೇಳಿದವರ ಮೇಲಿನ ನಂಬಿಕೆಯನ್ನು ನೋಡಿ. ಪೆಟ್ಟು ತಿಂದು ಕಲಿತ ಕೆಲವು ಟಿಪ್ಸ್ ನಿಮಗಾಗಿ...

* ಬಳಸಿದ್ದನ್ನೇ ಹೇಳಿ: ಮಿಕ್ಸಿ ಪ್ರಕರಣದ ನಂತರ ನಾನು ಹಾಕಿದ್ದು ನಮ್ಮ ಮನೆಯ ಕಬ್ಬಿಣದ ಕಾವಲಿಯನ್ನು. ಮೊದಲ ವಾರ ದೋಸೆ ಕಚ್ಚಿಕೊಂಡಿದ್ದು, ಎಣ್ಣೆ ಸವರಿ ಈರುಳ್ಳಿ ಉಜ್ಜಿ ಪಳಗಿಸಿದ್ದು, ಒದ್ದೆ ಇಟ್ಟರೆ ತುಕ್ಕು ಹಿಡಿಯೋದು, ಎಲ್ಲ ಬರೆದೆ. ‘ಭಾರ ಜಾಸ್ತಿ, ಮಣಿಕಟ್ಟು ನೋವಿದ್ದವರಿಗೆ ಬೇಡ’ ಅಂತಲೂ ಸೇರಿಸಿದೆ. ಆಫರ್‌ಗಳಿಗೆ ಬಾರದ ಕ್ಲಿಕ್ ಇದಕ್ಕೆ ಬಂತು.

* ‘ಇಲ್ಲಿ ಒತ್ತಿ’ ಅಂದರೆ ಸಾಲದು: ಒತ್ತಿದರೆ ಏನು ಸಿಗುತ್ತದೆಂದು ಹೇಳಿ. ‘ನಾಲ್ಕು ಜನರ ಮನೆಗೆ ಸಾಕಾಗುವ ಕಾವಲಿ, ಅಳತೆ-ಬೆಲೆ ಇಲ್ಲಿದೆ’ ಎಂದರೆ ಬೇಕಾದವರು ಖಂಡಿತ ನೋಡುತ್ತಾರೆ.

* ಲಿಂಕ್ ಕಣ್ಣಿಗೆ ಬೀಳಲಿ: ಯೂಟ್ಯೂಬ್ ವಿಡಿಯೊದ ವಿವರಣೆಯಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ. ಲಿಂಕ್ ಅಲ್ಲೇ ಇರಲಿ. ಶಾರ್ಟ್ಸ್‌ನಲ್ಲಿ ಹಾಕಿ ಕಾಯಬೇಡಿ. ಅಲ್ಲಿನ ವಿವರಣೆ, ಕಾಮೆಂಟುಗಳಲ್ಲಿರುವ ಲಿಂಕ್ ಒತ್ತಿದರೂ ತೆರೆಯದಂತೆ 2023ರ ಆಗಸ್ಟ್ ಕೊನೆಯಲ್ಲಿ ಯೂಟ್ಯೂಬ್ ಮಾಡಿತು. ಇನ್‌ಸ್ಟಾಗ್ರಾಂನಲ್ಲಾದರೆ ಬಯೋ ಅಥವಾ ಸ್ಟೋರಿಯ ಲಿಂಕ್ ಸ್ಟಿಕ್ಕರ್ ಬಳಸಿ.

* ಹೊತ್ತು ನೋಡಿ ಹಾಕಿ: ಬೆಳಗಿನ ತಿಂಡಿ-ಡಬ್ಬಿ ಗಡಿಬಿಡಿಯಲ್ಲಿ ಯಾರು ನೋಡ್ತಾರೆ? ಮಧ್ಯಾಹ್ನ ಊಟವಾದ ಮೇಲೆ ಹಾಕಿ. ಅಮೆಜಾನ್‌ನಲ್ಲಿ ಲಿಂಕ್ ಒತ್ತಿದ 24 ಗಂಟೆಯೊಳಗಿನ ಖರೀದಿಗೇ ಸಾಮಾನ್ಯವಾಗಿ ಕಮಿಷನ್. ಹಾಗಾಗಿ ಸಂಬಳ ಬಂದ ವಾರ, ವರಮಹಾಲಕ್ಷ್ಮಿ, ಗೌರಿ-ಗಣೇಶ, ದೀಪಾವಳಿಗೆ ಮುಂಚಿನ ದಿನಗಳು ಒಳ್ಳೆಯವು.

* ಲೆಕ್ಕ ಇಡಿ: ಕ್ಲಿಕ್ ಎಷ್ಟು, ಖರೀದಿ ಎಷ್ಟು ಎಂಬುದು ನಿಮ್ಮ ಖಾತೆಯಲ್ಲೇ ಸಿಗುತ್ತದೆ. ಯೂಟ್ಯೂಬಿಗೊಂದು, ಫೇಸ್‌ಬುಕ್ಕಿಗೊಂದು ಟ್ರ್ಯಾಕಿಂಗ್ ಐಡಿ ಮಾಡಿಕೊಂಡರೆ ಎಲ್ಲಿಂದ ಜನ ಬರುತ್ತಿದ್ದಾರೆಂದು ತಿಳಿಯುತ್ತದೆ. ಕ್ಲಿಕ್ ಇದ್ದೂ ಖರೀದಿ ಇಲ್ಲವೆಂದರೆ, ನೀವು ಹೇಳಿದ್ದಕ್ಕೂ ಅಲ್ಲಿರುವುದಕ್ಕೂ ತಾಳೆಯಾಗುತ್ತಿದೆಯೇ ನೋಡಿ.

* ಮುಚ್ಚಿಡಬೇಡಿ: ‘ಈ ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ, ನಿಮಗೆ ಬೆಲೆ ಹೆಚ್ಚಾಗೊಲ್ಲ’ ಎಂದು ಲಿಂಕಿನ ಪಕ್ಕದಲ್ಲೇ ಬರೆಯಿರಿ. ಲಾಭ ಪಡೆದು ಶಿಫಾರಸು ಮಾಡುವವರು ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಹೇಳಿದೆ. ಹೇಳಿದರೆ ಜನ ಒತ್ತೋದಿಲ್ಲ ಅಂತ ನಾನೂ ಹೆದರಿದ್ದೆ. ಆದರೆ “ಒಳ್ಳೇದಾಯ್ತು ಬಿಡು, ನಿನಗೂ ನಾಲ್ಕು ಕಾಸು ಸಿಗಲಿ” ಅಂದವರೇ ಹೆಚ್ಚು.

ಇನ್ನು ಕೆಲವು ಎಚ್ಚರಿಕೆ. ನಮ್ಮ ಲಿಂಕ್ ನಾವೇ ಒತ್ತಿ ಕೊಳ್ಳುವುದು, ‘ನನಗೋಸ್ಕರ ಒತ್ತಿ ಪ್ಲೀಸ್’ ಅಂತ ಅಕ್ಕ-ತಂಗಿಯರನ್ನು ಕಾಡುವುದು ಬೇಡ. ಖಾತೆಯೇ ಮುಚ್ಚಿಹೋದೀತು. ವಾಟ್ಸಾಪ್, ಇ-ಮೇಲ್‌ನಲ್ಲಿ ಲಿಂಕ್ ಹಂಚಬಹುದೇ ಎಂಬ ಬಗ್ಗೆ ಒಂದೊಂದು ಕಂಪನಿಯದು ಒಂದೊಂದು ನಿಯಮ. ನಾನು ಓದದೆಯೇ ಹಾಕಿದ್ದೆ, ನೀವು ಓದಿ. ಸೇರಲು ದುಡ್ಡು ಕಟ್ಟಿ, ಲೈಕ್ ಒತ್ತಿದರೆ ಹಣ ಕೊಡ್ತೀವಿ ಅನ್ನುವವರ ಹತ್ತಿರ ಸುಳಿಯಲೇಬೇಡಿ. ನಿಜವಾದ ಅಫಿಲಿಯೇಟ್ ಕೆಲಸಕ್ಕೆ ಪ್ರವೇಶ ಶುಲ್ಕ ಕೇಳುವುದಿಲ್ಲ.

ಮೊನ್ನೆ ಅದೇ ಆಂಟಿ ಬಂದು, “ಏರ್ ಫ್ರೈಯರ್ ತಗೊಳ್ಳಲೇನಮ್ಮಾ?” ಅಂತ ಕೇಳಿದರು. “ನಾನು ಬಳಸಿಲ್ಲ ಆಂಟಿ, ಹೇಳೋಕಾಗಲ್ಲ” ಅಂದೆ. ಅವತ್ತು ನನಗೆ ಬಿಡಿಗಾಸೂ ಬರಲಿಲ್ಲ. ಆದರೆ ಆಂಟಿ ಮತ್ತೆ ನನ್ನನ್ನು ಕೇಳಿದರಲ್ಲ, ಸದ್ಯಕ್ಕೆ ಅಷ್ಟು ಸಾಕು!