ದೇವಣಿ ಎತ್ತಿಗೆ ಹಿಂಡಿ, ರೈತನಿಗೆ ಎಣ್ಣೆ

ಬೀದರ್ ಜಿಲ್ಲೆಯ ಔರಾದ್, ಭಾಲ್ಕಿ ತಾಲ್ಲೂಕುಗಳ ಕಪ್ಪು ಹೊಲಗಳಲ್ಲಿ ದುಡಿಯುವ ದೇವಣಿ ತಳಿಯ ಎತ್ತಿನ ಸ್ನಾಯುವೂ ಅದರ ಹಿಂದೆ ನಡೆಯುವ ರೈತನ ಸ್ನಾಯುವೂ ಕೊಬ್ಬನ್ನು ಉರಿಸುವ ಬಗೆ ಒಂದೇ. ಆದರೆ ಒಂದೇ ಕುಸುಬೆಯಿಂದ ಇಬ್ಬರ ಸ್ನಾಯುವಿಗೂ ತಲುಪುವ ಕೊಬ್ಬು ಬೇರೆ ಬೇರೆ.

ರಕ್ತದಿಂದ ಬಂದ ಉದ್ದ ಸರಪಳಿಯ ಕೊಬ್ಬಿನಾಮ್ಲವನ್ನು ಕಾರ್ನಿಟೈನ್ ಎಂಬ ವಸ್ತು ಮೈಟೊಕಾಂಡ್ರಿಯದ ಒಳಕ್ಕೆ ದಾಟಿಸುತ್ತದೆ. ಅಲ್ಲಿ ಎರಡೆರಡು ಇಂಗಾಲದ ತುಂಡುಗಳಾಗಿ ಕತ್ತರಿಸಿ ಉರಿಸಲಾಗುತ್ತದೆ. 16 ಇಂಗಾಲದ ಪಾಮಿಟಿಕ್ ಆಮ್ಲದ ಒಂದು ಅಣುವಿನಿಂದ ಸುಮಾರು 106 ಎಟಿಪಿ (ಕೋಶದ ಶಕ್ತಿಯ ಅಣು) ದೊರೆತರೆ, ಗ್ಲೂಕೋಸಿನ ಒಂದು ಅಣುವಿನಿಂದ 30ರಿಂದ 32. ನಿಧಾನವಾಗಿ ದಿನವಿಡೀ ಕುಂಟೆ ಎಳೆಯುವ ಕೆಲಸಕ್ಕೆ ಕೊಬ್ಬು ಒದಗುತ್ತದೆ. ಕೆಸರಲ್ಲಿ ಹೂತ ಬಂಡಿಯನ್ನು ಒಮ್ಮೆಲೆ ಎಳೆಯಲು ಸ್ನಾಯುವಿನೊಳಗೆ ಶೇಖರವಾದ ಸಕ್ಕರೆ, ಅಂದರೆ ಗ್ಲೈಕೋಜನ್ ಬೇಕು.

ಉರಿಯುವುದಕ್ಕಿಂತ ಹೆಚ್ಚು ಕೊಬ್ಬು ಬಂದಾಗ ಅದರ ಬಗೆ ಮುಖ್ಯವಾಗುತ್ತದೆ. ತಾಳೆ ಎಣ್ಣೆ, ತುಪ್ಪಗಳಲ್ಲಿ ಹೇರಳವಾಗಿರುವ ಪಾಮಿಟಿಕ್ ಆಮ್ಲ ಸ್ನಾಯುಕೋಶದಲ್ಲಿ ಡೈಅಸೈಲ್‌ಗ್ಲಿಸರಾಲ್, ಸೆರಮೈಡ್‌ ಎಂಬ ಕೊಬ್ಬುಗಳಾಗಿ ಉಳಿದು ಇನ್ಸುಲಿನ್ ಸಂದೇಶಕ್ಕೆ ಅಡ್ಡಿಯಾಗುತ್ತದೆ. ಸಕ್ಕರೆ ಕೋಶದೊಳಕ್ಕೆ ಹೋಗದೆ ರಕ್ತದಲ್ಲೇ ನಿಲ್ಲುತ್ತದೆ. ಶೇಂಗಾ ಎಣ್ಣೆಯಲ್ಲಿ ಹೆಚ್ಚಿರುವ ಒಲಿಯಿಕ್ ಆಮ್ಲ ನಿರಪಾಯದ ಕೊಬ್ಬಿನ ಹನಿಗಳಾಗಿ ಸುಲಭವಾಗಿ ಶೇಖರವಾಗುತ್ತದೆ. ದುಡಿಮೆಯ ವೇಳೆ ಆ ಹನಿಗಳೇ ಇಂಧನ. ದಿನವೂ ಮೈಮುರಿದು ದುಡಿಯುವವರ ಸ್ನಾಯುವಿನಲ್ಲಿ ಕೊಬ್ಬು ಹೆಚ್ಚಿದ್ದರೂ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವುದು ಸಾಧ್ಯ. ಕುಳಿತೇ ಇರುವವರಿಗೆ ಈ ಅನುಕೂಲವಿಲ್ಲ.

ಕುಸುಬೆ ಎಣ್ಣೆಯ ಸುಮಾರು ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲ. ಈಗ ಬೀದರ್ ಜಿಲ್ಲೆಯ ಹೊಲಗಳನ್ನು ಆವರಿಸಿರುವ ಸೋಯಾದ ಎಣ್ಣೆಯಲ್ಲಿ ಅದು ಅರ್ಧದಷ್ಟು, ಜೊತೆಗೆ ಶೇ 7ರಷ್ಟು ಒಮೆಗಾ-3. ಅಗಸೆ ಎಣ್ಣೆಯಲ್ಲಿ ಒಮೆಗಾ-3 ಅರ್ಧಕ್ಕೂ ಮಿಕ್ಕು. ಈ ಕೊಬ್ಬಿನಾಮ್ಲಗಳು ಇಂಧನವಷ್ಟೇ ಅಲ್ಲ, ಸ್ನಾಯುಕೋಶದ ಪೊರೆಯ ಭಾಗವೂ ಆಗುತ್ತವೆ. ರೈತನ ಊಟದ ಎಣ್ಣೆ ಬದಲಾದರೆ ಕೆಲವು ವಾರಗಳಲ್ಲಿ ಅವನ ಸ್ನಾಯುವಿನ ಪೊರೆಯೂ ಬದಲಾಗುತ್ತದೆ.

ಎತ್ತಿನಲ್ಲಿ ಹಾಗಾಗುವುದಿಲ್ಲ. ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಹಿಂಡಿಯ ಲಿನೋಲಿಯಿಕ್ ಆಮ್ಲಕ್ಕೆ ಹೈಡ್ರೋಜನ್ ಸೇರಿಸಿ ಹೆಚ್ಚಿನದನ್ನು ಸ್ಟಿಯರಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಕುಸುಬೆ ಹಿಂಡಿ ತಿಂದರೂ ಎತ್ತಿನ ಕೊಬ್ಬು ಗಟ್ಟಿಯಾಗಿರುವುದಕ್ಕೆ ಇದೇ ಕಾರಣ. ಅದರ ಸ್ನಾಯುವಿನ ಮುಖ್ಯ ಇಂಧನಗಳಲ್ಲಿ ಒಂದು ಕಣಿಕೆ ಹುದುಗಿ ಹುಟ್ಟುವ ಅಸಿಟೇಟ್. ಮೇವಿನ ಒಣ ತೂಕದಲ್ಲಿ ಕೊಬ್ಬು ಶೇ 6–7 ದಾಟಿದರೆ ನಾರನ್ನು ಕರಗಿಸುವ ಜೀವಿಗಳು ಸೊರಗುತ್ತವೆ, ಎತ್ತು ಕಣಿಕೆ ತಿಂದೂ ಸೊರಗುತ್ತದೆ.

ಹೀಗಾಗಿ ಹಿಂಡಿ ಯಾವ ಗಿರಣಿಯದು ಎಂಬುದನ್ನು ಕೇಳಿ ಕೊಳ್ಳಬೇಕು. ಗಾಣದ ಹಿಂಡಿಯಲ್ಲಿ ಎಣ್ಣೆ ಸಾಕಷ್ಟು ಉಳಿದಿರುತ್ತದೆ. ದ್ರಾವಕ ಹಾಕಿ ಎಣ್ಣೆ ತೆಗೆದ ಹಿಂಡಿಯಲ್ಲಿ ಶೇ 1ರ ಆಸುಪಾಸು. ಈ ಬಗ್ಗೆ ವಿಚಾರಿಸಲು, ದೇವಣಿ ತಳಿಯ ಮೇಲೆ ಭಾಲ್ಕಿ ತಾಲ್ಲೂಕಿನ ಕಟ್ಟಿತೂಗಾಂವದಲ್ಲಿ ಸಂಶೋಧನಾ ಕೇಂದ್ರವಿದೆ. ಅದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು.